ಮೊಳಕೆ ರಾಗಿಗೆ ಯಾವ ಕಲ್ಲು?

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳ್ಳಿಮನೆಗಳಲ್ಲಿ ಬೀಸುಕಲ್ಲು ಈಗ ನಡುಮನೆಯಲ್ಲಿಲ್ಲ, ಹಿತ್ತಲಿನಲ್ಲಿದೆ. ಮೇಲುಗಲ್ಲು ಬಚ್ಚಲ ಪಕ್ಕದಲ್ಲಿ ಬಟ್ಟೆ ಒಗೆಯಲು ಒದಗಿದರೆ ಕೆಳಗಲ್ಲು ತುಳಸಿಕಟ್ಟೆಗೋ ಮೆಟ್ಟಿಲಿಗೋ ಆಸರೆಯಾಗಿದೆ. ಊರಿಗೊಂದು ಹಿಟ್ಟಿನ ಮಿಲ್ಲು ಬಂದ ಮೇಲೆ ಕೋಳಿ ಕೂಗುವ ಹೊತ್ತಿಗೆ ಎದ್ದು ರಾಗಿ ಬೀಸುವ ಕಷ್ಟ ತಪ್ಪಿತು. ಆ ಕಷ್ಟವನ್ನು ಪಟ್ಟವರಾರೂ ಅದು ಮತ್ತೆ ಬರಲೆಂದು ಹಾರೈಸುವುದಿಲ್ಲ.

ಆದರೆ ಇಂಥ ಮನೆಗಳಲ್ಲೂ ಆಗಾಗ್ಗೆ ಒಂದು ಪ್ರಶ್ನೆ ಏಳುತ್ತದೆ. ಆರು ತಿಂಗಳು ತುಂಬಿದ ಕೂಸಿಗೆ ರಾಗಿಸರಿ ಮಾಡಬೇಕು. ರಾಗಿಯನ್ನು ತೊಳೆದು, ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಟ್ಟು, ಒಂದೆರಡು ದಿನದಲ್ಲಿ ಬಿಳಿ ಎಳೆಯಂಥ ಮೊಳಕೆ ಬರಿಸಿ, ಬಿಸಿಲಲ್ಲಿ ಒಣಗಿಸಿ, ಅಂಗೈಯಲ್ಲಿ ತಿಕ್ಕಿ ಬೇರಿನ ಎಳೆಗಳನ್ನು ಮೊರದಲ್ಲಿ ಕೇರಿ ತೆಗೆದಾಗಿದೆ. ಇರುವುದು ಒಂದು ಸೇರೋ ಎರಡು ಸೇರೋ. ಇದನ್ನು ಎಲ್ಲಿ ಬೀಸಿಸುವುದು? ಮಿಲ್ಲಿಗೆ ಕೊಟ್ಟರೆ ಹಿಂದಿನವರು ಹಾಕಿಸಿದ ಗೋಧಿಯೋ ಜೋಳವೋ ಬೆರೆಯುತ್ತದೆ. ಅದೇ ಕಟ್ಟಡದಲ್ಲಿ ಮೆಣಸಿನಕಾಯಿ ಯಂತ್ರವೂ ಇದ್ದರೆ ಘಾಟು ಸೇರುತ್ತದೆ. ಎರಡು ಸೇರಿನಲ್ಲಿ ಕಾಲು ಪಾವು ಯಂತ್ರದ ಹೊಟ್ಟೆಯಲ್ಲೇ ಉಳಿಯುತ್ತದೆ. ಮಿಕ್ಸಿಗೆ ಹಾಕಿದರೆ ಅರ್ಧ ಧೂಳಾಗಿ, ಅರ್ಧ ಕಾಳು ಕಾಳಾಗಿಯೇ ಉಳಿದು, ಜಾರು ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗುತ್ತದೆ. ಅಜ್ಜಿಗೆ ಹಿತ್ತಲಿನ ಕಲ್ಲು ನೆನಪಾಗುವುದು ಆಗ.

ಸ್ವಾರಸ್ಯದ ಸಂಗತಿಯೆಂದರೆ, ಇದೇ ಪ್ರಶ್ನೆಯನ್ನು ಸಾವಿರಾರು ಮೈಲಿ ದೂರದಲ್ಲಿ ಬೇರೆಯೇ ಕಾರಣಕ್ಕೆ ಕೇಳುವವರಿದ್ದಾರೆ. ಇಂಗ್ಲೆಂಡಿನಲ್ಲಿ 1963ರಲ್ಲಿ, ಅಮೆರಿಕದಲ್ಲಿ 1978ರ ಕಾನೂನಿನ ಮೂಲಕ, ಮನೆಬಳಕೆಗೆ ಬಿಯರ್ ತಯಾರಿಸಲು ಇದ್ದ ಅಡ್ಡಿ ನಿವಾರಣೆಯಾಯಿತು. ಅಂದಿನಿಂದ ಅಲ್ಲಿ ಅಡುಗೆಮನೆಯಲ್ಲೇ ಬಿಯರ್ ಮಾಡಿಕೊಳ್ಳುವ ಹವ್ಯಾಸ ಬೆಳೆಯಿತು. ಹಾಗೆ ಮಾಡುವವನು ಮೊದಲು ಯೋಚಿಸುವ ಸಾಮಾನುಗಳಲ್ಲಿ ಧಾನ್ಯ ಒಡೆಯುವ ಸಣ್ಣ ಗಿರಣಿಯೂ ಒಂದು. ಅವನ ಕೈಯಲ್ಲಿರುವುದು ಜವೆಗೋಧಿಯ ಮಾಲ್ಟ್, ಅಂದರೆ ನೆನೆಸಿ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ. ಹುಣಸೂರಿನ ಅಜ್ಜಿಯ ಕೈಯಲ್ಲಿರುವುದು ರಾಗಿಯ ಮಾಲ್ಟ್. ಒಂದು ಕೂಸಿನ ಬಾಯಿಗೆ, ಇನ್ನೊಂದು ಲೋಟಕ್ಕೆ. ಮೊಳಕೆಯವರೆಗಿನ ಕೆಲಸ ಮಾತ್ರ ಇಬ್ಬರದೂ ಒಂದೇ.

ಮೊಳಕೆ ಬರಿಸುವುದೇಕೆ ಎಂಬುದನ್ನು ತಿಳಿಯದೆ ಗಿರಣಿಯ ವಿಚಾರ ಅರ್ಥವಾಗುವುದಿಲ್ಲ. ಕಾಳಿನ ಒಳಗಿರುವ ಪಿಷ್ಟ ಮುಂದೆ ಹುಟ್ಟುವ ಸಸಿಗೆಂದು ಕೂಡಿಟ್ಟ ಬುತ್ತಿ. ಅದು ಇದ್ದ ಹಾಗೆಯೇ ಸಸಿಗೆ ದಕ್ಕುವುದಿಲ್ಲ, ಸಕ್ಕರೆಯಾಗಿ ಒಡೆಯಬೇಕು. ನೀರು ತಗುಲಿ ಮೊಳಕೆ ಏಳುವಾಗ ಈ ಒಡೆಯುವ ಕೆಲಸಕ್ಕೆ ಬೇಕಾದ ಕಿಣ್ವಗಳು ಕಾಳಿನಲ್ಲಿ ಹುಟ್ಟುತ್ತವೆ. ಅಷ್ಟರಲ್ಲಿ ಒಣಗಿಸಿಬಿಟ್ಟರೆ ಸಸಿ ನಿಲ್ಲುತ್ತದೆ, ಕಿಣ್ವ ಉಳಿಯುತ್ತದೆ. ಮುಂದೆ ಬಿಸಿನೀರು ಸೇರಿದೊಡನೆ ಅದು ನಿಂತಲ್ಲಿಂದ ಕೆಲಸ ಮುಂದುವರಿಸುತ್ತದೆ. ಬಿಯರ್ ಮಾಡುವವನು ಒಡೆದ ಮಾಲ್ಟನ್ನು ಸುಮಾರು 62ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಗಂಜಿಯಂತಿದ್ದದ್ದು ಸಿಹಿನೀರಾಗುತ್ತದೆ. ಅದನ್ನು ಸೋಸಿ, ಕುದಿಸಿ, ಆರಿಸಿ, ಯೀಸ್ಟ್ ಹಾಕಿದರೆ ಮುಂದಿನದು ಹುದುಗು.

ಇದನ್ನು ಯಾವ ಹೆಂಗಸೂ ತನ್ನ ಒಲೆಯ ಮೇಲೆಯೇ ನೋಡಬಹುದು. ಮಾಮೂಲಿ ರಾಗಿಹಿಟ್ಟಿನ ಗಂಜಿಯನ್ನು ಚಮಚ ನಿಲ್ಲುವಷ್ಟು ಗಟ್ಟಿಯಾಗಿ ಕಾಯಿಸಿ ಕೆಳಗಿಳಿಸಬೇಕು. ಕುದಿ ಅಡಗಿ, ಇನ್ನೂ ಬಿಸಿಯಾಗಿರುವಾಗ ಒಂದು ಚಮಚ ಮೊಳಕೆ ರಾಗಿಯ ಹಿಟ್ಟು ಹಾಕಿ ಕಲಕಿದರೆ ಕೆಲವೇ ನಿಮಿಷಗಳಲ್ಲಿ ಗಂಜಿ ತೆಳ್ಳಗಾಗಿ ಹರಿಯತೊಡಗುತ್ತದೆ. ನೀರು ಹಾಕಿಲ್ಲ. ಪಿಷ್ಟ ಒಡೆದಿದೆ, ಅಷ್ಟೆ. ಕೂಸಿಗೆ ಕೊಡುವುದಾದರೆ ಇದನ್ನು ಮತ್ತೊಂದು ಕುದಿ ಬರಿಸಬೇಕು. ಕೂಸಿನ ಪುಟ್ಟ ಹೊಟ್ಟೆಗೆ ನೀರು ಕಡಿಮೆಯಿದ್ದು ಸತ್ವ ಹೆಚ್ಚಿರುವ, ಆದರೂ ನುಂಗಲು ಸುಲಭವಾದ ಗಂಜಿ ಬೇಕು. ಮೊಳಕೆ ಹಿಟ್ಟಿನ ಬೆಲೆ ಇರುವುದು ಇಲ್ಲಿ. ಬಾಣಲೆಯಲ್ಲಿ ಘಮ್ಮೆನ್ನುವಂತೆ ಕಪ್ಪಗೆ ಹುರಿದ ಹಿಟ್ಟು ಹಾಕಿ ನೋಡಿದರೆ ಗಂಜಿ ತೆಳ್ಳಗಾಗುವುದಿಲ್ಲ. ಹೆಚ್ಚು ಶಾಖಕ್ಕೆ ಕಿಣ್ವ ಸತ್ತಿರುತ್ತದೆ. ಹೆಸರು ಎರಡಕ್ಕೂ ರಾಗಿ ಮಾಲ್ಟ್ ಎಂದೇ. ಅಂಗಡಿಯ ಪೊಟ್ಟಣ ಕೊಳ್ಳುವವರು ಗಮನಿಸಬೇಕಾದ ವ್ಯತ್ಯಾಸವಿದು.

ಮೈಸೂರಿನಲ್ಲಿ 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ರಾಗಿಯ ಮೊಳಕೆಯ ಬಗ್ಗೆ ಸಾಕಷ್ಟು ಕೆಲಸ ಮಾಡಿದೆ. ಕಿರುಧಾನ್ಯಗಳಲ್ಲೆಲ್ಲ ಮಾಲ್ಟ್ ಮಾಡಲು ರಾಗಿಯೇ ಮೇಲು ಎಂಬುದು ಅಲ್ಲಿನ ಅಧ್ಯಯನಗಳಿಂದ ಗಟ್ಟಿಯಾದ ಮಾತು. ಜವೆಗೋಧಿಯಷ್ಟು ಬಿರುಸಿನ ಕಿಣ್ವ ಅದರಲ್ಲಿಲ್ಲ, ನಿಜ. ಆದರೆ ಉಳಿದ ಸೋದರಧಾನ್ಯಗಳಿಗಿಂತ ಹೆಚ್ಚು.

ಇನ್ನು ಗಿರಣಿಯ ವಿಷಯ. ಬಿಯರ್ ಮಾಡುವವನಿಗೆ ಬೇಕಾದ ಗಿರಣಿ ಹಿಟ್ಟು ಮಾಡುವುದಲ್ಲ, ಹಿಟ್ಟು ಮಾಡದಿರುವುದು. ಜವೆಗೋಧಿಗೆ ಭತ್ತದ ಹಾಗೆ ಅಂಟಿಕೊಂಡ ಹೊಟ್ಟು ಇದೆ. ಒಳಗಿನ ಬಿಳಿಭಾಗ ನಾಲ್ಕಾರು ಚೂರಾಗಬೇಕು, ಹೊಟ್ಟು ಮಾತ್ರ ಹರಿಯದೆ ಇಡಿಯಾಗಿ ಉಳಿಯಬೇಕು. ಏಕೆಂದರೆ ಸಿಹಿನೀರನ್ನು ಬಸಿಯುವಾಗ ಪಾತ್ರೆಯ ತಳದಲ್ಲಿ ಕೂರುವ ಆ ಹೊಟ್ಟಿನ ಹಾಸೇ ಜರಡಿ. ಹೊಟ್ಟು ಪುಡಿಯಾದರೆ ನೀರು ಇಳಿಯದೆ ಎಲ್ಲವೂ ಗಾರೆಯಂತೆ ಕಟ್ಟಿಕೊಳ್ಳುತ್ತದೆ, ಒಗರೂ ಬಿಡುತ್ತದೆ. ಆದ್ದರಿಂದ ಅವನು ಆರಿಸಿಕೊಳ್ಳುವುದು ಎರಡು ಉಕ್ಕಿನ ರೋಲರುಗಳ ಗಿರಣಿ. ರೋಲರುಗಳ ನಡುವಿನ ಸಂದು ಸುಮಾರು ಒಂದು ಮಿಲಿಮೀಟರ್. ಕಾಳು ಅದರಲ್ಲಿ ಹಿಸುಕಿಸಿಕೊಂಡು ಬಿರಿಯುತ್ತದೆ, ಅರೆಯುವುದಿಲ್ಲ. ಅಷ್ಟು ದುಡ್ಡು ಹಾಕಲಾರದವನು ಕೊಲಂಬಿಯಾದಲ್ಲಿ ಮೆಕ್ಕೆಜೋಳ ಅರೆಯಲು ಮಾಡಿದ ಕರೋನಾ ಎಂಬ ಕೈಗಿರಣಿಯಂಥದನ್ನು ಕೊಳ್ಳುತ್ತಾನೆ. ಅದರಲ್ಲಿ ಗೀರು ಹಾಕಿದ ಎರಡು ಕಬ್ಬಿಣದ ಬಿಲ್ಲೆಗಳಿವೆ. ಒಂದು ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ, ನಡುವಿನ ಸಂದನ್ನು ತಿರುಪಿನಿಂದ ಹೊಂದಿಸಬಹುದು. ಕೊಡಗು, ಮೈಸೂರಿನ ಹಳೆಯ ಮನೆಗಳಲ್ಲಿ ಮೇಜಿನಂಚಿಗೆ ಬಿಗಿದು ಕಾಫಿಬೀಜ ಪುಡಿಮಾಡುತ್ತಿದ್ದ ಕೈಯಂತ್ರ ನೆನಪಿರುವವರಿಗೆ ಇದರ ರೂಪ ಬಿಡಿಸಿ ಹೇಳಬೇಕಿಲ್ಲ.

ಕೃಷ್ಣರಾಜನಗರದವರಿಗೆ ರೋಲರಿನ ಮರ್ಮವೂ ಹೊಸದಲ್ಲ. ಕಾವೇರಿಯ ನಾಲೆಗಳ ನೀರುಂಡು ಭತ್ತ ಬೆಳೆಯುವ ಆ ತಾಲ್ಲೂಕಿನ ಕಣ್ಣಿಗೆ ಅಕ್ಕಿ ಗಿರಣಿ ಹಳೆಯ ನೆಂಟ. ಈಗಿನ ಅಕ್ಕಿ ಗಿರಣಿಯಲ್ಲಿ ಹೊಟ್ಟು ಬಿಡಿಸುವುದು ಬೇರೆ ಬೇರೆ ವೇಗದಲ್ಲಿ ಎದುರುಬದುರಾಗಿ ತಿರುಗುವ ಎರಡು ರಬ್ಬರ್ ರೋಲರುಗಳು. ಅಲ್ಲಿ ಅಕ್ಕಿ ಮುರಿಯಬಾರದು, ಹೊಟ್ಟು ಹೋಗಬೇಕು. ಬಿಯರಿನವನಿಗೆ ಕಾಳು ಮುರಿಯಬೇಕು, ಹೊಟ್ಟು ಉಳಿಯಬೇಕು. ಯಂತ್ರ ಹತ್ತಿರದ್ದು, ಉದ್ದೇಶ ತಲೆಕೆಳಗು. ರೋಲರುಗಳ ಸಂದು ಕಾಳಿನ ಗಾತ್ರಕ್ಕೆ ತಕ್ಕಂತೆ ಇರಬೇಕೆಂಬ ನಿಯಮ ಮಾತ್ರ ಎರಡಕ್ಕೂ ಒಂದೇ.

ರಾಗಿ ತಕರಾರು ತೆಗೆಯುವುದು ಈ ನಿಯಮದಲ್ಲೇ. ಸಾವಿರ ಜವೆಗೋಧಿ ಕಾಳುಗಳು ಹೆಚ್ಚುಕಡಿಮೆ 35ರಿಂದ 40 ಗ್ರಾಂ ತೂಗಿದರೆ ಸಾವಿರ ರಾಗಿ ಕಾಳುಗಳು ಮೂರು ಗ್ರಾಂ ಕೂಡ ಮುಟ್ಟುವುದು ಕಷ್ಟ. ಒಂದು ಕಿಲೋ ಜವೆಗೋಧಿಯಲ್ಲಿ ಇಪ್ಪತ್ತೈದು ಮೂವತ್ತು ಸಾವಿರ ಕಾಳುಗಳಿದ್ದರೆ ಒಂದು ಕಿಲೋ ರಾಗಿಯಲ್ಲಿ ಮೂರೂವರೆ ನಾಲ್ಕು ಲಕ್ಷ! ಒಂದೊಂದರ ಅಡ್ಡಗಲ ಒಂದರಿಂದ ಎರಡು ಮಿಲಿಮೀಟರ್. ಜವೆಗೋಧಿಗೆಂದು ಹೊಂದಿಸಿದ ರೋಲರಿಗೆ ರಾಗಿ ಸುರಿದರೆ ಸಣ್ಣ ಕಾಳುಗಳೆಲ್ಲ ಮೈಗೆ ಗೀರೂ ಬೀಳದೆ ಕೆಳಗಿನ ಡಬ್ಬಕ್ಕೆ ಇಳಿಯುತ್ತವೆ. ಒಡೆಯದ ಕಾಳಿನಿಂದ ಬಿಸಿನೀರು ಏನನ್ನೂ ಎಳೆದುಕೊಳ್ಳಲಾರದು. ಸಂದನ್ನು ಕಾಗದದಷ್ಟು ಕಿರಿದು ಮಾಡಿದರೆ ನುಣುಪಾದ ಸಣ್ಣ ಕಾಳನ್ನು ರೋಲರುಗಳು ಸರಿಯಾಗಿ ಹಿಡಿದೆಳೆಯುವುದಿಲ್ಲ. ದೊಡ್ಡ ದುಡ್ಡು ಕೊಟ್ಟು ತಂದ ಪರದೇಶದ ಗಿರಣಿ ನಮ್ಮ ಸಣ್ಣ ಧಾನ್ಯದ ಮುಂದೆ ಕೈಚೆಲ್ಲುವುದು ಹೀಗೆ.

ರಾಗಿಗೆ ಇನ್ನೊಂದು ವಿಶೇಷವಿದೆ. ಅದಕ್ಕೆ ಜವೆಗೋಧಿಯಂಥ ಹೊಟ್ಟಿಲ್ಲ. ಹೊರಗಿನ ಪೊರೆ ತಿಕ್ಕಿದರೆ ಉದುರುತ್ತದೆ, ಒಳಗಿನ ಕೆಂಪು ಸಿಪ್ಪೆಯಾದರೋ ಕಾಳಿಗೆ ಕಚ್ಚಿಕೊಂಡಿರುತ್ತದೆ. ರಾಗಿಯ ಹೆಸರುವಾಸಿಯಾದ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೆಚ್ಚಾಗಿರುವುದು ಈ ಸಿಪ್ಪೆಯಲ್ಲಿ. ಒಗರು ಇರುವುದೂ ಅಲ್ಲೇ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆಯೆಂದು ಲೆಕ್ಕ ಹಾಕಿ, ಆಮೇಲೆ ತೆಳುಬಟ್ಟೆಯಲ್ಲಿ ಮೂರು ಸಲ ಜರಡಿ ಹಿಡಿದು ಸಿಪ್ಪೆಯನ್ನು ಹಸುವಿಗೆ ಹಾಕಿದರೆ ಲೆಕ್ಕದಲ್ಲಿ ಒಂದು ಪಾಲು ಹಸುವಿನದಾಗುತ್ತದೆ. ಎಳೆಗೂಸಿಗೆ ನಯವಾದ ಹಿಟ್ಟು ಬೇಕು ಎನ್ನುವುದು ಸರಿ. ಮನೆಮಂದಿಯೆಲ್ಲ ಕುಡಿಯುವ ಮಾಲ್ಟಿಗೂ ಅದೇ ಜರಡಿ ಏಕೆಂಬುದು ಯೋಚಿಸಬೇಕಾದ ಮಾತು. 2024ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಮಕ್ಕಳಿಗೆ ಹಾಲಿನೊಡನೆ ರಾಗಿ ಮಾಲ್ಟ್ ಕೊಡುವ ಏರ್ಪಾಡು ಆರಂಭವಾದ ಮೇಲೆ ಈ ಪೇಯದ ಹೆಸರು ಮನೆಮನೆಗೂ ಹೊಸದಾಗಿ ಮುಟ್ಟಿದೆ.

ಹಾಗಾದರೆ ಮೊಳಕೆ ರಾಗಿಗೆ ಒಗ್ಗುವುದು ಯಾವುದು? ಹಿಟ್ಟಿನ ಮಿಲ್ಲು ವೇಗದ್ದು. ಅದರ ಕಲ್ಲುಗಳ ನಡುವಿನಿಂದ ಬರುವ ಹಿಟ್ಟು ಚೀಲದಲ್ಲಿ ಬಿಸಿಯಾಗಿಯೇ ಇರುತ್ತದೆ. ಇಪ್ಪತ್ತು ಸೇರು ಮುದ್ದೆಹಿಟ್ಟಿಗೆ ಅದಕ್ಕಿಂತ ಅನುಕೂಲ ಬೇರಿಲ್ಲ. ಸ್ವಸಹಾಯ ಸಂಘದವರು ಒಟ್ಟಿಗೆ ಹತ್ತಿಪ್ಪತ್ತು ಕಿಲೋ ಮೊಳಕೆ ರಾಗಿ ತಂದರೆ ಅವರಿಗೂ ಅದೇ ಸರಿ. ಮೊದಲು ಒಂದೆರಡು ಸೇರು ಮಾಮೂಲಿ ರಾಗಿ ಹಾಕಿಸಿ ಯಂತ್ರದ ಬಾಯಿ ತೊಳೆದುಕೊಂಡರಾಯಿತು. ಆದರೆ ಮೊಳಕೆ ರಾಗಿ ಹಲ್ಲಿಗೆ ಕಟ್ಟೆನ್ನುವಷ್ಟು ಒಣಗಿರಬೇಕು. ಒಳಗೆ ತೇವವಿದ್ದರೆ ಕಲ್ಲಿಗೆ ಮೆತ್ತಿಕೊಂಡು ಮಿಲ್ಲಿನವನ ಬೈಗುಳ ಕೇಳಬೇಕಾಗುತ್ತದೆ. ಮಸಾಲೆ ಪುಡಿಮಾಡುವ ಯಂತ್ರ ಕಾಳನ್ನು ಬೀಸುವುದಿಲ್ಲ, ಬಡಿಯುತ್ತದೆ. ಬಡಿದದ್ದು ಜರಡಿಯ ತೂತಿನಷ್ಟು ಸಣ್ಣದಾಗುವವರೆಗೆ ಹೊರಬಾರದು. ಆದ್ದರಿಂದ ಅಲ್ಲಿ ತರಿ ಸಿಗುವುದು ಅಪರೂಪ, ಸಿಗುವುದೆಲ್ಲ ಧೂಳು.

ಬೀಸುಕಲ್ಲಿನಲ್ಲಿ ಯಜಮಾನಿಕೆ ಬೀಸುವವಳದು. ಬಾಯಿಗೆ ಹಾಕುವ ಹಿಡಿ ಚಿಕ್ಕದಾದರೆ, ಕೈ ನಿಧಾನವಾದರೆ ಹಿಟ್ಟು ನುಣ್ಣಗೆ. ಹಿಡಿ ದೊಡ್ಡದಾಗಿ ಬೇಗ ಬೇಗ ಬಿದ್ದರೆ ಮೇಲುಗಲ್ಲು ಕಾಳಿನ ಮೇಲೆ ತೇಲಿ ನುಚ್ಚು ಬೀಳುತ್ತದೆ. ನಡುವಿನ ಗೂಟಕ್ಕೆ ಬಟ್ಟೆಯ ಸಿಂಬಿ ತೊಡಿಸಿ ಮೇಲುಗಲ್ಲನ್ನು ಕೂದಲೆಳೆಯಷ್ಟು ಎತ್ತಿದರೆ ಅದೇ ಕಲ್ಲು ತೊಗರಿ, ಅವರೆ, ಹುರುಳಿಯನ್ನು ಬೇಳೆ ಮಾಡುತ್ತದೆ. ಹಿಟ್ಟು, ತರಿ, ನುಚ್ಚು, ಬೇಳೆ ಎಂಬ ನಾಲ್ಕು ಬೇರೆ ಮಾತುಗಳು ನಮ್ಮ ಅಡುಗೆಮನೆಗಳಲ್ಲಿ ಉಳಿದಿರುವುದರಲ್ಲಿ ಈ ಕಲ್ಲಿನ ಪಾಲೂ ಇದೆ. ಯಂತ್ರದ ತಿರುಪು ಮಾಡುವ ಕೆಲಸವನ್ನು ಇಲ್ಲಿ ಅಂಗೈ ಮಾಡುತ್ತಿತ್ತು. ನಿಧಾನವಾಗಿ ತಿರುಗುವುದರಿಂದ ಹಿಟ್ಟು ಬಿಸಿಯಾಗುವುದಿಲ್ಲ. ಒಂದು ಸೇರು ಹಾಕಿದರೂ ಸುತ್ತ ಹಾಸಿದ ಬಟ್ಟೆಯ ಮೇಲೆ ಒಂದು ಸೇರೂ ಸಿಗುತ್ತದೆ. ಒಂದೆರಡು ಸೇರಿನ ಮಾಲ್ಟಿಗೆ ಇದಕ್ಕಿಂತ ಹೇಳಿ ಮಾಡಿಸಿದ ಸಾಧನ ಇನ್ನೊಂದಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಇಡೀ ಮನೆಯ ಮುದ್ದೆಗೆ ದಿನವೂ ಬೀಸುವ ಮಾತು ಬೇರೆ. ಅದನ್ನು ಹಾಡಿ ಹೊಗಳುವವರು ಬೀಸಿದವರಲ್ಲ.

ಬಿಯರ್ ಮಾಡುವವರಲ್ಲಿ ಒಂದು ಕಟ್ಟಳೆಯಿದೆ: ಮಾಲ್ಟನ್ನು ಬಳಸುವ ದಿನವೇ ಒಡೆಯಬೇಕು. ಒಡೆದಿಟ್ಟ ಕಾಳು ಗಾಳಿಯ ತೇವ ಕುಡಿದು ಮೆತ್ತಗಾಗುತ್ತದೆ, ರುಚಿ ಕೆಡುತ್ತದೆ. ಹಳೆಯ ಮೈಸೂರು ಸೀಮೆಯ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹಗೇವಿನಲ್ಲಿ ಇಡಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬೀಸಿದ ಹಿಟ್ಟಿಗೆ ಅಷ್ಟು ಆಯುಸ್ಸಿಲ್ಲ. ಆದ್ದರಿಂದಲೇ ಬೇಕಾದಷ್ಟನ್ನು ಮಾತ್ರ ಬೀಸುವ ರೂಢಿ.

ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅದು ಅಲ್ಲಿಂದ ನಮ್ಮಲ್ಲಿಗೆ ಬಂತು. ಉಗಾಂಡ, ಕೀನ್ಯಗಳ ಇತೆಸೊ ಜನ ಇಂದಿಗೂ ರಾಗಿಯಿಂದ ಅಜೊನ್ ಎಂಬ ಬಿಯರ್ ಮಾಡುತ್ತಾರೆ. ಹುಳಿಬಂದ ರಾಗಿಹಿಟ್ಟನ್ನು ಹುರಿದು ಒಣಗಿಸಿ, ಅದಕ್ಕೆ ಮೊಳಕೆ ರಾಗಿಯ ಹಿಟ್ಟು ಸೇರಿಸುವುದು ಅಲ್ಲಿನ ಕ್ರಮ. ಹೊಟ್ಟಿನ ಜರಡಿ ಇಲ್ಲದ ಈ ಧಾನ್ಯವನ್ನು ಸೋಸುವ ತಾಪತ್ರಯಕ್ಕೆ ಅವರು ಕಂಡುಕೊಂಡ ದಾರಿ ಸೊಗಸಾಗಿದೆ. ಅವರು ಸೋಸುವುದೇ ಇಲ್ಲ. ಮಡಕೆಯ ಸುತ್ತ ಕುಳಿತು, ತುದಿಯಲ್ಲಿ ಜರಡಿಯಿರುವ ಉದ್ದನೆಯ ಕೊಳವೆಗಳಿಂದ ಹೀರುತ್ತಾರೆ. ತರಿ ಮಡಕೆಯಲ್ಲೇ ಉಳಿಯುತ್ತದೆ. ನೇಪಾಳ, ಸಿಕ್ಕಿಂಗಳ ತೋಂಗ್ಬಾ ಕೂಡ ರಾಗಿಯದೇ, ಅದನ್ನು ಹೀರುವುದೂ ಬಿದಿರಿನ ಕೊಳವೆಯಿಂದ. ಆದರೆ ಅಲ್ಲಿ ರಾಗಿಯನ್ನು ಬೀಸುವುದೇ ಇಲ್ಲ, ಇಡಿಯಾಗಿ ಬೇಯಿಸಿ ಹುದುಗಿಸುತ್ತಾರೆ.

ಬೀಸದೆ ಹುದುಗಿಸುವ ಈ ವಿದ್ಯೆಯನ್ನು ನೋಡಲು ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಮೊದಲಲ್ಲೇ ಟಿಬೆಟನ್ ನಿರಾಶ್ರಿತರು ನೆಲೆಯಾದರು. ಮುಂದೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಅವರ ಶಿಬಿರವಾಯಿತು. ಧಾನ್ಯವನ್ನು ಬೀಸುವುದು ಅವರಿಗೆ ಅನ್ನದ ವಿಷಯ. ಹುರಿದ ಜವೆಗೋಧಿಯ ಹಿಟ್ಟು, ಅವರ ಮಾತಿನಲ್ಲಿ ಸಂಪಾ, ನಮಗೆ ಹುರಿಹಿಟ್ಟು ಇದ್ದಂತೆ. ಟಿಬೆಟ್ಟಿನಲ್ಲಿ ಅದನ್ನು ಹೊಳೆಯ ನೀರಿನಿಂದ ತಿರುಗುವ ಕಲ್ಲುಗಳಲ್ಲಿ ಬೀಸುತ್ತಿದ್ದರು. ಆದರೆ ಅವರ ಚಾಂಗ್ ಎಂಬ ಪೇಯಕ್ಕೆ ಕಲ್ಲಿನ ಹಂಗಿಲ್ಲ. ಇಡಿ ಜವೆಗೋಧಿಯನ್ನು ಬೇಯಿಸಿ, ಆರಿಸಿ, ಫಾಬ್ ಎಂಬ ಒಣ ಹೆಪ್ಪನ್ನು ಪುಡಿಮಾಡಿ ಬೆರೆಸಿ, ಪಾತ್ರೆಯಲ್ಲಿ ಬೆಚ್ಚಗೆ ಮುಚ್ಚಿಡುತ್ತಾರೆ. ಕೆಲವು ದಿನ ಬಿಟ್ಟು ನೀರು ಸುರಿದು ಬಸಿದರೆ ಚಾಂಗ್. ಅಕ್ಕಿ, ರಾಗಿ, ಗೋಧಿ ಯಾವುದಾದರೂ ಆದೀತು. ಹೊಸವರ್ಷದ ಹಬ್ಬವಾದ ಲೋಸರಿನ ಮುಂಜಾನೆ ಬಿಸಿ ಚಾಂಗಿನ ಗಂಜಿ ಅವರಲ್ಲಿ ಸಂಪ್ರದಾಯ. ಬೈಲಕುಪ್ಪೆಯ ಸೆರಾ ಮಠದ ಭಿಕ್ಷುಗಳಿಗೆ ಮಾತ್ರ ಮದ್ಯ ನಿಷಿದ್ಧ.

ಮೊಳಕೆಯಿಲ್ಲದೆ, ಬೀಸದೆ ಪಿಷ್ಟ ಸಕ್ಕರೆಯಾಗುವುದು ಹೇಗೆ? ಆ ಹೆಪ್ಪಿನಲ್ಲಿ ಯೀಸ್ಟ್ ಮಾತ್ರವಲ್ಲ, ಬೂಷ್ಟಿನ ಜಾತಿಯ ಜೀವಿಗಳೂ ಇವೆ. ಬೆಂದು ಬಿರಿದ ಕಾಳಿನೊಳಗೆ ಅವು ಬೇರಿಳಿಸಿ, ಪಿಷ್ಟ ಒಡೆಯುವ ಕಿಣ್ವವನ್ನು ತಾವೇ ಒದಗಿಸುತ್ತವೆ. ಕಲ್ಲು ಮಾಡಬೇಕಾದ ಕೆಲಸವನ್ನು ಬೆಂಕಿ ಮತ್ತು ಬೂಷ್ಟು ಹಂಚಿಕೊಂಡು ಮಾಡುತ್ತವೆ ಎನ್ನಬಹುದು. ಪೂರ್ವ ಏಷ್ಯದಲ್ಲೆಲ್ಲ ಹೆಚ್ಚಾಗಿ ಇದೇ ದಾರಿ. ಯುರೋಪು, ಆಫ್ರಿಕಗಳದು ಮೊಳಕೆಯ ದಾರಿ. ಗಿರಣಿಯ ಆಯ್ಕೆ ತಲೆನೋವಾಗಿರುವುದು ಮೊಳಕೆಯ ದಾರಿಯವರಿಗೆ ಮಾತ್ರ.

ಕಿಣ್ವ ಎಂಬ ಮಾತು ಕೂಡ ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಅಧ್ಯಾಯವೊಂದಿದೆ. ಅದರಲ್ಲಿ ಕಿಣ್ವವೆಂದರೆ ಸುರೆಗೆ ಹಾಕುವ ಹೆಪ್ಪು. ಮೇದಕವೆಂಬ ಪೇಯಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. ಪ್ರಸನ್ನವೆಂಬುದಕ್ಕೆ ಹನ್ನೆರಡು ಆಢಕ ಹಿಟ್ಟು, ಐದು ಪ್ರಸ್ಥ ಕಿಣ್ವ. ಒಂದಕ್ಕೆ ಅಕ್ಕಿ, ಇನ್ನೊಂದಕ್ಕೆ ಹಿಟ್ಟು ಎಂದು ಬಿಡಿಸಿ ಹೇಳಿರುವುದನ್ನು ನೋಡಿದರೆ ಬೀಸಬೇಕೋ ಬೇಡವೋ ಎಂಬ ವಿವೇಚನೆ ಆಗಲೂ ಇತ್ತೆಂದು ತೋರುತ್ತದೆ. ಹುದುಗಿನ ಹೆಪ್ಪಿಗಿದ್ದ ಈ ಹೆಸರನ್ನು ಕನ್ನಡದ ವಿಜ್ಞಾನ ಲೇಖಕರು ಎನ್‌ಜೈಮಿಗೆ ಇಟ್ಟದ್ದು ಬಹಳ ಒಪ್ಪುವ ಕೆಲಸ.

ಗೃಹಸ್ಥರು ಶುಭಕಾರ್ಯಗಳಲ್ಲಿ ಬಿಳಿಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ತಾವೇ ಮಾಡಿಕೊಳ್ಳಬಹುದೆಂದು ಅದೇ ಅಧ್ಯಾಯ ಅಪ್ಪಣೆ ಕೊಡುತ್ತದೆ. ಇಂದಿನ ಕಾನೂನು ಅಷ್ಟು ಉದಾರಿಯಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ, ಮನೆಯ ಬಿಯರೂ ಅದರಿಂದ ಹೊರತಲ್ಲ. ಬೆಂಗಳೂರಿನಲ್ಲಿ ಪರವಾನಗಿ ಪಡೆದ ಕಿರುಬ್ರೂವರಿಗಳಲ್ಲಿ ಕೆಲವು ರಾಗಿಯನ್ನು ಬಿಯರಿಗೆ ಬಳಸಿ ನೋಡಿವೆ. ಈ ನಾಲ್ಕು ತಾಲ್ಲೂಕುಗಳ ಬಯಲಿನಲ್ಲಿ ಹೆಂಡವೆಂದರೆ ಈಚಲಮರದ್ದು. ಅದಕ್ಕೆ ಮೊಳಕೆಯೂ ಬೇಡ, ಕಲ್ಲೂ ಬೇಡ. ಇಲ್ಲಿನ ರಾಗಿಯ ಮೊಳಕೆ ತೊಟ್ಟಿಲ ಕಡೆಗೇ ಹೋಯಿತು. ಮೊಳಕೆ ಕಟ್ಟುವುದಕ್ಕೆ, ಒಡೆಯುವುದಕ್ಕೆ, ಕಾಯಿಸಿ ಕುಡಿಯುವುದಕ್ಕೆ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ.

ಹಿತ್ತಲಿನ ಕಲ್ಲನ್ನು ಮತ್ತೆ ಒಳಗೆ ತರುವ ಮನಸ್ಸಿದ್ದವರು ಕೆಲವು ಸಂಗತಿಗಳನ್ನು ನೋಡಿಕೊಳ್ಳಬೇಕು. ಎರಡು ಕಲ್ಲುಗಳೂ ಒಂದೇ ಜೋಡಿಯವಾಗಿರಬೇಕು. ಬೇರೆ ಬೇರೆ ಜೋಡಿಯ ಕಲ್ಲುಗಳು ಒಂದಕ್ಕೊಂದು ಕೂರದೆ ಒಂದು ಕಡೆ ಹಿಟ್ಟು, ಇನ್ನೊಂದು ಕಡೆ ಇಡಿ ಕಾಳು ಉದುರುತ್ತದೆ. ಮೈ ಸವೆದು ನುಣುಪಾಗಿದ್ದರೆ ಕಲ್ಲುಕುಟಿಗರಿಂದ ಉಳಿಯಲ್ಲಿ ಮತ್ತೆ ಒರಟು ಮಾಡಿಸಬೇಕು. ಆ ಕೆಲಸಕ್ಕೆ ಊರೂರು ತಿರುಗುತ್ತಿದ್ದವರು ಈಗ ವಿರಳ. ಸಂತೆಯಲ್ಲಿ ಒರಳು, ಗುಂಡು ಮಾರುವವರನ್ನು ವಿಚಾರಿಸಿದರೆ ದಾರಿ ಸಿಗುತ್ತದೆ. ಗೂಟ ಅಲ್ಲಾಡದಂತೆ ಹೊಸದು ಬಡಿಸಿ, ಕಲ್ಲನ್ನು ಚೆನ್ನಾಗಿ ತೊಳೆದು ಎರಡು ಬಿಸಿಲು ಒಣಗಿಸಬೇಕು. ಉಳಿಯೇಟು ಬಿದ್ದ ಕಲ್ಲಿನಿಂದ ಮೊದಮೊದಲು ಕಲ್ಲುಪುಡಿ ಬರುತ್ತದೆ. ಮಾಲ್ಟಿನ ರಾಗಿಯನ್ನು ಹಾಕುವುದಕ್ಕೆ ಮೊದಲು ಎರಡು ಮೂರು ಸಲ ಒಂದೊಂದು ಪಾವು ಅಕ್ಕಿನುಚ್ಚನ್ನು ಬೀಸಿ, ಹಲ್ಲಿಗೆ ಕರಕರ ಎನ್ನುವುದು ನಿಂತಿತೇ ಎಂದು ನೋಡಬೇಕು. ಕಲ್ಲುಪುಡಿ ಬೆರೆತ ಆ ಹಿಟ್ಟನ್ನು ಕೋಳಿಗೆ ಹಾಕಬಹುದು.